ಡೆಫಿನಿಷನ್‌ಗೆ ಹೋಗು ಎಂದರೆ ಎಲ್ಲಿಗೆ?

ಕಳೆದ ತಿಂಗಳು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಪ್ರಾಜೆಕ್ಟಿಗೆ ಕೈ ಹಾಕಿದ್ದೆ. ಲ್ಯಾಪ್‌ಟಾಪಿನಲ್ಲಿ ಈಗಾಗಲೇ ತುಂಬಿಕೊಂಡಿರುವ ಟೂಲುಗಳ ನಡುವೆ ಇನ್ನೊಂದನ್ನು ಸೇರಿಸುವುದು ಬೇಡವೆಂದು ಎಲ್ಲವನ್ನೂ ಡಾಕರ್ ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯೊಳಗೆ ಇಟ್ಟು, ನನ್ನ ಎಡಿಟರ್ ಆದ ವಿಎಸ್ ಕೋಡನ್ನು ಅದಕ್ಕೆ ಜೋಡಿಸಿಕೊಂಡೆ. ಬಿಲ್ಡ್ ಸರಾಗವಾಗಿ ಆಯಿತು, ಟೆಸ್ಟುಗಳೆಲ್ಲ ಪಾಸಾದವು. ನಾನೇ ಬರೆದ ಫಂಕ್ಷನ್ನಿನ ಹೆಸರಿನ ಮೇಲೆ ಕರ್ಸರ್ ಇಟ್ಟು ಎಫ್12 ಒತ್ತಿದರೆ ಎಡಿಟರ್ ಅದರ ಡೆಫಿನಿಷನ್ ಇರುವ ಸಾಲಿಗೆ ಹೋಗಿ ನಿಲ್ಲುತ್ತಿತ್ತು. ಆದರೆ ಎರಡು ಸಾಲು ಕೆಳಗಿದ್ದ, ರಸ್ಟ್ ಜೊತೆಗೇ ಬರುವ ಪಟ್ಟಿಯ ಟೈಪಾದ ವೆಕ್‌ನ “ರಿಟೇನ್” ಮೆಥಡ್ ಮೇಲೆ ಒತ್ತಿದರೆ “ನೋ ಡೆಫಿನಿಷನ್ ಫೌಂಡ್” ಎಂಬ ಪುಟ್ಟ ಪಟ್ಟಿ ಬಂದು ಮಾಯವಾಗುತ್ತಿತ್ತು. ವೆಕ್ ಮಾತ್ರವಲ್ಲ, ಆಪ್ಷನ್, ಸ್ಟ್ರಿಂಗ್, ಹ್ಯಾಶ್‌ಮ್ಯಾಪ್ ಎಲ್ಲವೂ ಹಾಗೆಯೇ. ರಸ್ಟ್‌ನಲ್ಲಿ ಇವಿಷ್ಟೂ ಇಲ್ಲದ ಪುಟವೇ ಇರುವುದಿಲ್ಲವಾದ್ದರಿಂದ, ಎಡಿಟರ್ ಅರ್ಧ ಕಣ್ಣು ಮುಚ್ಚಿಕೊಂಡು ಕೆಲಸ ಮಾಡುತ್ತಿರುವಂತೆ ಕಾಣುತ್ತಿತ್ತು. ಟೈಪುಗಳ ಸುಳಿವುಗಳೂ ಅಲ್ಲಲ್ಲಿ ಕಾಣೆಯಾಗಿದ್ದವು.

ಕಂಪೈಲರಿಗೆ ಸಿಕ್ಕಿದ್ದು ಎಡಿಟರಿಗೆ ಏಕೆ ಸಿಗಲಿಲ್ಲ ಎಂಬುದಕ್ಕೆ ಉತ್ತರ ಸರಳವಾಗಿದೆ. ರಸ್ಟ್‌ನ ಸ್ಟ್ಯಾಂಡರ್ಡ್ ಲೈಬ್ರರಿ (ವೆಕ್, ಸ್ಟ್ರಿಂಗ್ ಮುಂತಾದ ಸಿದ್ಧ ಕೋಡಿನ ಸಂಗ್ರಹ) ನಮ್ಮ ಮಷೀನಿಗೆ ಬರುವಾಗ ಮೊದಲೇ ಕಂಪೈಲ್ ಆಗಿ ಬರುತ್ತದೆ. ಕಂಪೈಲರಿಗೆ ಅಷ್ಟು ಸಾಕು. ನಮ್ಮ ಕೋಡನ್ನು ಓದಿ ಅರ್ಥ ಮಾಡಿಕೊಳ್ಳುವ ರಸ್ಟ್-ಅನಲೈಜರ್ ಮಾತ್ರ ಕಂಪೈಲ್ ಆದ ಕಡತಗಳನ್ನು ನೋಡುವುದಿಲ್ಲ, ಅದಕ್ಕೆ ಸೋರ್ಸೇ, ಎಂದರೆ ಮನುಷ್ಯರು ಬರೆದ ಮೂಲ ಕೋಡೇ, ಬೇಕು. ಆ ಸೋರ್ಸ್ “ರಸ್ಟ್-ಎಸ್‌ಆರ್‌ಸಿ” ಎಂಬ ಬೇರೆ ಕಂಪೊನೆಂಟಿನಲ್ಲಿದೆ. ರಸ್ಟನ್ನು ಇನ್‌ಸ್ಟಾಲ್ ಮಾಡುವ ರಸ್ಟಪ್‌ನ ಮಿನಿಮಲ್ ಪ್ರೊಫೈಲಿನಲ್ಲೂ ಅದಿಲ್ಲ, ಡೀಫಾಲ್ಟ್ ಪ್ರೊಫೈಲಿನಲ್ಲೂ ಇಲ್ಲ. ಕಂಟೇನರ್ ಇಮೇಜುಗಳನ್ನು ಆದಷ್ಟು ಹಗುರವಾಗಿ ಕಟ್ಟುವುದು ವಾಡಿಕೆ, ನಾನೂ ಹಾಗೆಯೇ ಕಟ್ಟಿದ್ದೆ. ಪ್ರಾಜೆಕ್ಟಿನ ಟೂಲ್‌ಚೈನ್ ಕಡತದಲ್ಲಿ ಕಂಪೊನೆಂಟ್ಸ್ ಎಂಬ ಸಾಲಿಗೆ ಅದರ ಹೆಸರನ್ನು ಸೇರಿಸಿ ಇಮೇಜನ್ನು ಮತ್ತೆ ಕಟ್ಟಿದೆ. ರಿಟೇನ್ ಮೇಲೆ ಎಫ್12 ಒತ್ತಿದಾಗ “ಲೈಬ್ರರಿ” ಫೋಲ್ಡರಿನ “ಅಲಾಕ್” ಒಳಗಿನ ವೆಕ್ ಕಡತ ತೆರೆದುಕೊಂಡಿತು. “ಸ್ಟಡ್” ಎಂಬ ಹೆಸರಿನಲ್ಲಿ ನಾವು ಬಳಸುವ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಬಹುಪಾಲು ಕೋರ್ ಮತ್ತು ಅಲಾಕ್ ಎಂಬ ಇನ್ನೆರಡು ಲೈಬ್ರರಿಗಳಿಂದ ತಂದು ಮತ್ತೆ ಹಂಚುವ ಸರಕು ಎಂಬುದು ಹೀಗೆ ಜಿಗಿದಾಗಲೇ ಕಣ್ಣಿಗೆ ಬೀಳುತ್ತದೆ.

ಅಲ್ಲಿಗೆ ಕೆಲಸ ಮುಗಿಯಿತು. ಆದರೆ ಇದೇ ಕೆಲಸವನ್ನು ನಾನು ಬೇರೆ ಬೇರೆ ಭಾಷೆಗಳಲ್ಲಿ ಎಷ್ಟನೇ ಸಲ ಮಾಡುತ್ತಿದ್ದೇನೆ ಎಂಬ ಯೋಚನೆ ಅಂದಿನಿಂದ ಬಿಟ್ಟಿಲ್ಲ.

ಸೋರ್ಸ್ ನಾಟ್ ಫೌಂಡ್

ಮೊದಲ ಸಲ ಮಾಡಿದ್ದು ಬೆಂಗಳೂರಿನ ನನ್ನ ಮೊದಲ ಕೆಲಸದಲ್ಲಿ. ಆಗ ಜಾವಾ 6ರ ಕಾಲ, ಎಲ್ಲರ ಮುಂದೆಯೂ ಎಕ್ಲಿಪ್ಸ್ ಎಡಿಟರ್. ನಮ್ಮ ಸರ್ವರ್ ಮೂರು ನಾಲ್ಕು ದಿನಕ್ಕೊಮ್ಮೆ ಸಿಪಿಯುವನ್ನು ನೂರಕ್ಕೆ ಏರಿಸಿಕೊಂಡು, ಸಾಯದೆ, ಉತ್ತರವನ್ನೂ ಕೊಡದೆ ಕೂತುಬಿಡುತ್ತಿತ್ತು. ಥ್ರೆಡ್ ಡಂಪ್ (ಒಟ್ಟಿಗೆ ಓಡುವ ಕೆಲಸದ ಎಳೆಗಳು ಎಲ್ಲೆಲ್ಲಿ ನಿಂತಿವೆ ಎಂಬ ಪಟ್ಟಿ) ತೆಗೆದು ನೋಡಿದರೆ ಪ್ರತಿ ಸಲವೂ ನಾಲ್ಕಾರು ಥ್ರೆಡ್ಡುಗಳು ಹ್ಯಾಶ್‌ಮ್ಯಾಪಿನ “ಗೆಟ್” ಒಳಗೆ ನಿಂತಿರುತ್ತಿದ್ದವು. ಒಂದು ಕೀ ಹುಡುಕುವ ಮೆಥಡ್ಡಿನೊಳಗೆ ಗಂಟೆಗಟ್ಟಲೆ ಸುತ್ತುವಂಥದ್ದು ಏನಿರಬಹುದು ಎಂದು ನೋಡಲು ಎಕ್ಲಿಪ್ಸಿನಲ್ಲಿ ಡೆಫಿನಿಷನ್‌ಗೆ ಹೋಗುವ ಎಫ್3 ಒತ್ತಿದೆ. ತೆರೆದದ್ದು “ಸೋರ್ಸ್ ನಾಟ್ ಫೌಂಡ್” ಎಂಬ ತಲೆಬರಹದ ಒಂದು ಪುಟ, ಅದರಲ್ಲಿ “ಅಟ್ಯಾಚ್ ಸೋರ್ಸ್” ಎಂಬ ಬಟನ್, ಕೆಳಗೆ ಕಂಪೈಲ್ ಆದ ರೂಪದ, ನನಗೆ ಓದಲು ಬಾರದ ಬೈಟ್‌ಕೋಡ್. ಆ ಪುಟವನ್ನು ಅದಕ್ಕೂ ಮೊದಲು ನೂರು ಸಲವಾದರೂ ನೋಡಿ ಮುಚ್ಚಿದ್ದೆ. ಜಾವಾ ಬರೆದವರ ಕೋಡ್ ನಮಗೆ ತೋರಿಸುವಂಥದ್ದಲ್ಲ, ಅದು ಅಮೆರಿಕದಲ್ಲೆಲ್ಲೋ ಇರುತ್ತದೆ ಎಂದೇ ನಾನು ನಂಬಿದ್ದೆ. ಆ ಬಟನ್ನನ್ನು ಒತ್ತಬಹುದು ಎಂಬುದು ತಲೆಗೆ ಬಂದೇ ಇರಲಿಲ್ಲ.

ನನ್ನ ಹಿಂದಿನ ಸಾಲಿನಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರು ಕೂರುತ್ತಿದ್ದರು. ಕನ್ನಡದ ಹುಡುಗರ ಜೊತೆ ಊರಿನ ಕನ್ನಡವನ್ನೇ ಆಡುತ್ತಿದ್ದರು. ಸಂಜೆ ಚಹಾಕ್ಕೆ ಎದ್ದವರು ನನ್ನ ಪರದೆ ನೋಡಿ ನಿಂತರು. “ತಮ್ಮಾ, ನೀ ಜೆಆರ್‌ಇಗೆ ಹಚ್ಚೀದಿ ನೋಡು. ಜೆಡಿಕೆ ಒಳಗ ಸೋರ್ಸ್ ಝಿಪ್ ಐತಿ. ಅದನ್ನ ತೋರಸು ಅದಕ್ಕ.” (ಜೆಆರ್‌ಇ ಎಂದರೆ ಜಾವಾ ಓಡಿಸಲು ಬೇಕಾದಷ್ಟು ಮಾತ್ರ, ಜೆಡಿಕೆಯಲ್ಲಿ ಬರೆಯುವವರ ಟೂಲುಗಳೂ ಇರುತ್ತವೆ.) ನಾನು “ಸರ್, ಅದನ್ನ ಡೌನ್‌ಲೋಡ್ ಮಾಡ್ಬೇಕಾ?” ಎಂದು ಕೇಳಿದೆ. “ಎದಕ? ನಿನ್ನ ಮಷೀನ್‌ನ್ಯಾಗ ಐತಿ,” ಎಂದು ಅವರೇ ಮೌಸ್ ತೆಗೆದುಕೊಂಡು ಜೆಡಿಕೆಯ ಫೋಲ್ಡರಿಗೆ ಹೋಗಿ, ಬಿನ್ ಮತ್ತು ಲಿಬ್‌ಗಳ ಪಕ್ಕದಲ್ಲೇ ಕೂತಿದ್ದ ಆ ಝಿಪ್ ಕಡತವನ್ನು ತೋರಿಸಿ, ಓಕೆ ಒತ್ತಿ ಚಹಾಕ್ಕೆ ಹೋದರು. ಬೈಟ್‌ಕೋಡ್ ಇದ್ದ ಜಾಗದಲ್ಲಿ ಹ್ಯಾಶ್‌ಮ್ಯಾಪಿನ ಇಡೀ ಸೋರ್ಸ್, ಅದರ ಲೇಖಕರ ಹೆಸರುಗಳೊಂದಿಗೆ, ಕಾಮೆಂಟುಗಳೊಂದಿಗೆ ಬಂದು ನಿಂತಿತು.

ಅಂದು ರಾತ್ರಿ ಒಂಬತ್ತರವರೆಗೆ ಕೂತು ಓದಿದೆ. ಗೆಟ್‌ನಲ್ಲಿ ಇದ್ದದ್ದು ಒಂದು ಬಕೆಟ್ಟಿನ (ಟೇಬಲ್ಲಿನ ಒಂದು ಖಾನೆಯ) ಲಿಂಕ್ಡ್ ಲಿಸ್ಟನ್ನು, ಎಂದರೆ ಒಂದು ಮುಂದಿನದನ್ನು ತೋರಿಸುವ ನೋಡ್‌ಗಳ ಸರಪಳಿಯನ್ನು, ಕೊನೆಯವರೆಗೆ ನಡೆಯುವ ಲೂಪ್ ಅಷ್ಟೆ, ಮುಗಿಯಲೇಬೇಕು. ಮುಗಿಯದಿದ್ದರೆ ಲಿಸ್ಟ್ ತನ್ನ ಬಾಲವನ್ನು ತಾನೇ ಕಚ್ಚಿಕೊಂಡಿರಬೇಕು. ಹಾಗೆ ಕಚ್ಚಿಕೊಳ್ಳುವುದು ಎಲ್ಲಿ ಎಂದು ಹುಡುಕುತ್ತ ಹೋದಾಗ “ಟ್ರಾನ್ಸ್‌ಫರ್” ಎಂಬ ಮೆಥಡ್ ಸಿಕ್ಕಿತು. ಟೇಬಲ್ ತುಂಬಿದಾಗ ಇಮ್ಮಡಿ ಗಾತ್ರದ ಹೊಸ ಟೇಬಲ್ಲಿಗೆ ನೋಡ್‌ಗಳನ್ನು ಸಾಗಿಸುವುದು ಅದರ ಕೆಲಸ. ಒಂದೊಂದೇ ನೋಡನ್ನು ತೆಗೆದು ಹೊಸ ಲಿಸ್ಟಿನ ತಲೆಗೆ ಸೇರಿಸುವುದರಿಂದ ಲಿಸ್ಟ್ ತಲೆಕೆಳಗಾಗುತ್ತದೆ. ಎರಡು ಥ್ರೆಡ್ಡುಗಳು ಒಂದೇ ಹೊತ್ತಿಗೆ ಇದನ್ನು ಮಾಡಿದರೆ ಒಂದು ತಿರುಗಿಸಿದ್ದನ್ನು ಇನ್ನೊಂದು ಹಳೆಯ ಕ್ರಮದಲ್ಲೇ ಓದಿ, ಎರಡು ನೋಡ್‌ಗಳು ಒಂದನ್ನೊಂದು ತೋರಿಸಿಕೊಂಡು ನಿಲ್ಲಬಹುದು. ನಮ್ಮ ಕೋಡಿನಲ್ಲಿ ಯಾರೋ ಒಬ್ಬರು ಸಾಧಾರಣ ಹ್ಯಾಶ್‌ಮ್ಯಾಪನ್ನು ಎಲ್ಲ ಥ್ರೆಡ್ಡುಗಳೂ ಬಳಸುವ ಕ್ಯಾಶ್ ಆಗಿ ಇಟ್ಟಿದ್ದರು. (ಆ “ಯಾರೋ ಒಬ್ಬರು” ನಾನೇ ಎಂಬುದು ಮರುದಿನ ವರ್ಷನ್ ಕಂಟ್ರೋಲ್ ತೆಗೆದು ನೋಡಿದಾಗ ಗೊತ್ತಾಯಿತು.) ಕನ್‌ಕರೆಂಟ್ ಹ್ಯಾಶ್‌ಮ್ಯಾಪಿಗೆ ಬದಲಾಯಿಸಿದ್ದು ಒಂದು ಸಾಲಿನ ತಿದ್ದುಪಡಿ. ಒಂದಕ್ಕಿಂತ ಹೆಚ್ಚು ಥ್ರೆಡ್ಡುಗಳಿರುವಲ್ಲಿ ಲಾಕ್ ಇಲ್ಲದೆ ಇದನ್ನು ಬಳಸಬೇಡಿ ಎಂದು ಡಾಕ್ಯುಮೆಂಟೇಷನ್ನಿನಲ್ಲಿ ಬರೆದೇ ಇತ್ತು, ನಾನು ಓದಿಯೂ ಇದ್ದೆ. ಬಳಸಿದರೆ ಏನಾಗುತ್ತದೆ ಎಂಬುದು ಮಾತ್ರ ಸೋರ್ಸ್ ತೆರೆದಾಗಲೇ ಕಂಡಿದ್ದು.

ಇಂದಿನ ಕೆಲವು ಎಡಿಟರುಗಳು ಸೋರ್ಸ್ ಸಿಗದಿದ್ದರೆ ಬೈಟ್‌ಕೋಡನ್ನೇ ಬಿಡಿಸಿ ಜಾವಾದಂತೆ ಕಾಣುವ ಕೋಡನ್ನು ಮಾಡಿ ತೋರಿಸುತ್ತವೆ. ಏನೂ ಇಲ್ಲದ್ದಕ್ಕಿಂತ ಮೇಲು ಎಂದು ಒಪ್ಪುತ್ತೇನೆ, ಆದರೆ ಅದರಲ್ಲಿ ಕಾಮೆಂಟುಗಳಿರುವುದಿಲ್ಲ, ಎಷ್ಟೋ ಕಡೆ ಹೆಸರುಗಳಿರಬೇಕಾದಲ್ಲಿ ವಾರ್1, ವಾರ್2 ಎಂದಿರುತ್ತದೆ. ಜಾವಾ 8ರಿಂದೀಚಿನ ಹ್ಯಾಶ್‌ಮ್ಯಾಪಿನಲ್ಲಿ ಒಂದು ಬಕೆಟ್ಟಿನಲ್ಲಿ 8 ನೋಡ್ ತುಂಬಿದ ಮೇಲೆ ಲಿಸ್ಟನ್ನು ಮರವಾಗಿ ಬದಲಿಸುವ ಏರ್ಪಾಡಿದೆ. ಆ 8 ಎಲ್ಲಿಂದ ಬಂತು ಎಂಬುದು ಕೋಡಿನಲ್ಲಿಲ್ಲ, ಅದರ ಮೇಲಿನ ಉದ್ದನೆಯ ಕಾಮೆಂಟಿನಲ್ಲಿದೆ. ಹ್ಯಾಶ್‌ಗಳು ಚೆನ್ನಾಗಿ ಹಂಚಿಹೋದರೆ ಬಕೆಟ್ಟಿನಲ್ಲಿರುವ ನೋಡ್‌ಗಳ ಸಂಖ್ಯೆ ಪಾಯ್ಸನ್ ಹಂಚಿಕೆಯನ್ನು ಅನುಸರಿಸುತ್ತದೆ ಎಂದು ಹೇಳಿ, 0ಯಿಂದ 8ರವರೆಗೆ ಒಂದೊಂದರ ಸಂಭವನೀಯತೆಯನ್ನು ಅಲ್ಲಿ ಪಟ್ಟಿ ಮಾಡಿದ್ದಾರೆ. 8ರ ಮುಂದಿರುವ ಅಂಕೆ 0.00000006. ಬಿಡಿಸಿ ತೋರಿಸಿದ ಕೋಡಿನಲ್ಲಿ ಬರೀ 8 ಉಳಿಯುತ್ತದೆ.

ಯಾರಿಗೆ ಸೋರ್ಸ್ ಬೇಕು

ಜಿಗಿಯುವ ಈ ಸೌಕರ್ಯ ಹೊಸದೇನಲ್ಲ. ಬರ್ಕ್ಲಿಯ ಯೂನಿಕ್ಸಿನ ಕಾಲದಿಂದ ಸಿಟ್ಯಾಗ್ಸ್ ಇದೆ. ಹೆಸರು, ಕಡತ, ಆ ಕಡತದಲ್ಲಿ ಹುಡುಕಬೇಕಾದ ಸಾಲು, ಇಷ್ಟನ್ನು ಒಂದೊಂದು ಸಾಲಾಗಿ ಬರೆದಿಟ್ಟ ಪಟ್ಟಿ ಅದು. ವಿಮ್ ಎಡಿಟರಿನಲ್ಲಿ ಕಂಟ್ರೋಲ್ ಜೊತೆ ಬಲ ಚೌಕಾವರಣ ಒತ್ತಿದರೆ ಹೋಗುತ್ತದೆ, ಕಂಟ್ರೋಲ್ ಟಿ ಒತ್ತಿದರೆ ಹಿಂದಿರುಗುತ್ತದೆ. ಸಿ ಭಾಷೆಯಲ್ಲಿ ಕೆಲಸ ಮಾಡುತ್ತಿದ್ದಾಗ ನಾನು ಹೆಡರ್ ಕಡತಗಳ ಫೋಲ್ಡರಿಗೂ ಒಂದು ಟ್ಯಾಗ್ ಪಟ್ಟಿ ಮಾಡಿಟ್ಟುಕೊಂಡಿದ್ದೆ. ಪ್ರಿಂಟ್ಎಫ್ ಮೇಲೆ ಜಿಗಿದರೆ ಹೆಡರಿನಲ್ಲಿರುವ ಒಂದು ಘೋಷಣೆಯ ಸಾಲು ಸಿಗುತ್ತಿತ್ತು, ಅದರಾಚೆ ಏನೂ ಇಲ್ಲ. 2016ರಲ್ಲಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಬಂದ ಮೇಲೆ ಈ ಪಟ್ಟಿಗಳನ್ನು ಕೈಯಾರೆ ಮಾಡುವ ಕೆಲಸ ತಪ್ಪಿತು. ಎಡಿಟರ್ ಕೇಳುತ್ತದೆ, ಭಾಷೆಯ ಸರ್ವರ್ ಇಂಥ ಕಡತದ ಇಂಥ ಸಾಲು ಎಂದು ಹೇಳುತ್ತದೆ. ಹೇಳಲು ಕಡತ ಇರಬೇಕಲ್ಲ ಎಂಬ ಹಳೆಯ ತೊಡಕು ಮಾತ್ರ ಹಾಗೆಯೇ ಉಳಿಯಿತು.

ಇಷ್ಟು ವರ್ಷಗಳಲ್ಲಿ ನಾನು ಗಮನಿಸಿದ್ದೇನೆಂದರೆ, ಸ್ಟ್ಯಾಂಡರ್ಡ್ ಲೈಬ್ರರಿಗೆ ಜಿಗಿಯುವುದು ಎಂದೂ ಕೆಡದ ಭಾಷೆಗಳಲ್ಲಿ ಆ ಸೋರ್ಸ್ ಮನುಷ್ಯರಿಗಿಂತ ಮೊದಲು ಕಂಪೈಲರಿಗೇ ಬೇಕಾಗಿರುತ್ತದೆ. ಗೋ ಭಾಷೆ ಇದಕ್ಕೆ ಒಳ್ಳೆಯ ಉದಾಹರಣೆ. ಗೋ ಇನ್‌ಸ್ಟಾಲ್ ಮಾಡಿದರೆ ಅದರ ಇಡೀ ಸೋರ್ಸ್ ಜೊತೆಗೇ ಬರುತ್ತದೆ. 2023ರಲ್ಲಿ ಬಂದ 1.20ರಿಂದ ಮೊದಲೇ ಕಂಪೈಲ್ ಮಾಡಿದ ಪ್ಯಾಕೇಜುಗಳನ್ನು ಕೊಡುವುದನ್ನೇ ನಿಲ್ಲಿಸಿದ್ದಾರೆ, ಬೇಕಾದ್ದನ್ನು ನಮ್ಮ ಮಷೀನಿನಲ್ಲೇ ಸೋರ್ಸಿನಿಂದ ಕಟ್ಟಿಕೊಳ್ಳುತ್ತದೆ. ಸೋರ್ಸ್ ಕಾಣೆಯಾದರೆ ಬಿಲ್ಡೇ ಆಗುವುದಿಲ್ಲವಾದ್ದರಿಂದ ಎಡಿಟರಿಗೂ ಅದು ಸಿಕ್ಕೇ ಸಿಗುತ್ತದೆ, ಅದೂ ಸರಿಯಾದ ಆವೃತ್ತಿಯದ್ದೇ. ರಸ್ಟ್‌ನಲ್ಲಿ, ಜಾವಾದಲ್ಲಿ ಸೋರ್ಸ್ ಇಲ್ಲದಿದ್ದರೂ ಪ್ರೋಗ್ರಾಂ ಓಡುತ್ತದೆ. ಹಾಗಾಗಿ ಜಾಗ ಉಳಿಸಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಅದೇ. ಉಬುಂಟುವಿನಲ್ಲಿ ಓಪನ್‌ಜೆಡಿಕೆಯ ಸೋರ್ಸ್ ಬೇರೆಯೇ ಪ್ಯಾಕೇಜು. ಇದ್ದರೂ ಆವೃತ್ತಿ ಹೊಂದುತ್ತದೆ ಎನ್ನುವಂತಿಲ್ಲ. ಒಮ್ಮೆ ಜಾವಾ 8ರ ಝಿಪ್ ತೋರಿಸಿ ಜಾವಾ 11ರಲ್ಲಿ ಓಡುತ್ತಿದ್ದ ಪ್ರೋಗ್ರಾಮನ್ನು ಡಿಬಗ್ ಮಾಡಲು ಕೂತಿದ್ದೆ. ಸ್ಟ್ರಿಂಗ್ ಕ್ಲಾಸಿನೊಳಗೆ ಹೋದಾಗ ಡಿಬಗರಿನ ಬಾಣ ಕಾಮೆಂಟುಗಳ ಮೇಲೆ, ಖಾಲಿ ಸಾಲುಗಳ ಮೇಲೆ ಹೆಜ್ಜೆ ಇಡುತ್ತ ಹೋಯಿತು. ಜಾವಾ 9ರಲ್ಲಿ ಸ್ಟ್ರಿಂಗಿನ ಒಳಗಿನ ಅಕ್ಷರಗಳ ಅರೇ ಬೈಟ್‌ಗಳ ಅರೇ ಆಗಿ ಬದಲಾಗಿತ್ತು, ನಾನು ಓದುತ್ತಿದ್ದದ್ದು ಹಳೆಯ ಮನೆಯ ನಕ್ಷೆ.

ರಸ್ಟ್‌ನ ಪ್ಯಾನಿಕ್ ಬ್ಯಾಕ್‌ಟ್ರೇಸ್ (ಪ್ರೋಗ್ರಾಂ ಕೆಟ್ಟು ನಿಂತಾಗ ಬರುವ ಕರೆಗಳ ಪಟ್ಟಿ) ನೋಡಿದವರಿಗೆ ಇದರ ಇನ್ನೊಂದು ರೂಪ ಪರಿಚಯವಿರುತ್ತದೆ. ಸ್ಟ್ಯಾಂಡರ್ಡ್ ಲೈಬ್ರರಿಯ ಸಾಲುಗಳ ವಿಳಾಸ “ರಸ್ಟ್‌ಸಿ” ಎಂದು ಶುರುವಾಗಿ, ಯಾವ ಆವೃತ್ತಿಯ ಕೋಡ್ ಎಂದು ಗುರುತಿಸುವ 40 ಅಕ್ಷರಗಳ ಕಮಿಟ್ ಹ್ಯಾಶ್ ದಾಟಿ, ಲೈಬ್ರರಿ ಫೋಲ್ಡರಿಗೆ ಬರುತ್ತದೆ. ಅಂಥ ಫೋಲ್ಡರ್ ನಮ್ಮ ಮಷೀನಿನಲ್ಲಿ ಇರುವುದಿಲ್ಲ, ಕಂಪೈಲ್ ಮಾಡುವಾಗ ಉದ್ದೇಶಪೂರ್ವಕವಾಗಿಯೇ ಬರೆದಿಟ್ಟ ಕಾಲ್ಪನಿಕ ದಾರಿ ಅದು. ಜಿಡಿಬಿ ಎಂಬ ಡಿಬಗರಿನಲ್ಲಿ ಒಳಗೆ ಹೆಜ್ಜೆ ಇಡಬೇಕಾದರೆ ಈ ದಾರಿಗೆ ಬದಲಾಗಿ ಆ ದಾರಿ ಎಂದು ನಾವೇ ಹೇಳಿಕೊಡಬೇಕಾಗಬಹುದು. ನನಗೆ ಈ ವಿಳಾಸದ ಮೇಲೆ ಸಿಟ್ಟಿಲ್ಲ. ಯಾವ ಕಮಿಟ್ಟಿನ ಕೋಡ್ ಓಡಿತು ಎಂಬುದನ್ನು ಅದು ನೇರವಾಗಿ ಹೇಳುತ್ತದೆ, ಕಡತ ಇಲ್ಲದಿದ್ದರೆ ಇಲ್ಲ ಎಂದೇ ಗೊತ್ತಾಗುತ್ತದೆ.

ತೋರಿಸಿದ್ದೇ ಬೇರೆ, ಓಡಿದ್ದೇ ಬೇರೆ

ಇಲ್ಲ ಎಂದು ಹೇಳುವ ಎಡಿಟರಿಗಿಂತ, ಇದೆ ಎಂದು ತಪ್ಪು ಜಾಗಕ್ಕೆ ಕರೆದೊಯ್ಯುವ ಎಡಿಟರ್ ಹೆಚ್ಚು ಹೊತ್ತು ತಿನ್ನುತ್ತದೆ. ಇದನ್ನು ಕಲಿತದ್ದು ಪೈಥಾನಿನಲ್ಲಿ. ಕೆಲಸಗಳನ್ನು ಆದ್ಯತೆಯ ಕ್ರಮದಲ್ಲಿ ಹಂಚುವ ಒಂದು ಸರದಿಯನ್ನು ಹೀಪ್‌ಕ್ಯೂ ಮಾಡ್ಯೂಲ್ ಬಳಸಿ ಬರೆದಿದ್ದೆ. ಕೆಲವೊಮ್ಮೆ ಕ್ರಮ ತಪ್ಪುತ್ತಿತ್ತು. ಹೀಪ್‌ಪುಶ್ ಮೇಲೆ ಎಫ್12 ಒತ್ತಿದೆ. ಹೀಪ್‌ಕ್ಯೂ ಕಡತ ತೆರೆಯಿತು, ಫಂಕ್ಷನ್ ಕಾಣಿಸಿತು. ಕೋಡ್ ಎಂದರೆ ಎರಡೇ ಸಾಲು: ಲಿಸ್ಟಿನ ಕೊನೆಗೆ ಸೇರಿಸು, ಸರಿಯಾದ ಜಾಗಕ್ಕೆ ಸರಿಸು. ಇಷ್ಟು ಸರಳವಾಗಿದೆಯಲ್ಲ ಎಂದು ಖುಷಿಯಾಗಿ, ಯಾವ ಎರಡು ವಸ್ತುಗಳನ್ನು ಹೋಲಿಸುತ್ತಿದೆ ಎಂದು ತಿಳಿಯಲು ಆ ಕಡತದೊಳಗೇ ಒಂದು ಪ್ರಿಂಟ್ ಹಾಕಿದೆ. (ಲೈಬ್ರರಿಯ ಕಡತವನ್ನು ಹೀಗೆ ತಿದ್ದಬಾರದು ಎಂದು ಬೇರೆಯವರಿಗೆ ಹೇಳುತ್ತೇನೆ.) ಪ್ರೋಗ್ರಾಂ ಓಡಿಸಿದೆ. ಏನೂ ಪ್ರಿಂಟ್ ಆಗಲಿಲ್ಲ.

ಮೊದಲು ಕಡತ ಸೇವ್ ಆಗಿಲ್ಲ ಎಂದುಕೊಂಡೆ. ಆಮೇಲೆ ಬೇರೆ ವರ್ಚುಯಲ್ ಎನ್ವಿರಾನ್‌ಮೆಂಟಿನಲ್ಲಿದ್ದೇನೆ ಎಂದುಕೊಂಡು ಮಾಡ್ಯೂಲಿನ ಕಡತದ ವಿಳಾಸವನ್ನು ಪ್ರಿಂಟ್ ಮಾಡಿ ನೋಡಿದೆ, ಅದೇ ಕಡತ. ಹಳೆಯ ಕಂಪೈಲ್ ಆದ ಕ್ಯಾಶ್ ಇರಬಹುದೆಂದು ಅದನ್ನೂ ಅಳಿಸಿದೆ. ಕೊನೆಗೆ ಸಿಟ್ಟಿನಲ್ಲಿ ಆ ಫಂಕ್ಷನ್ನಿನೊಳಗೆ ಒಂದು ಎಕ್ಸೆಪ್ಷನ್ ಎಸೆಯುವ ಸಾಲು ಹಾಕಿದೆ. ಪ್ರೋಗ್ರಾಂ ಏನೂ ಆಗದವರಂತೆ ಓಡಿ ಮುಗಿಯಿತು. ಗಂಟೆಗೂ ಮೀರಿ ಹೀಗೆ ಒದ್ದಾಡಿದ ಮೇಲೆ ಇಂಟರ್‌ಪ್ರಿಟರ್ ತೆರೆದು ಬರೀ ಹೀಪ್‌ಪುಶ್ ಎಂದು ಬರೆದು ಎಂಟರ್ ಒತ್ತಿದೆ. “ಬಿಲ್ಟ್-ಇನ್ ಫಂಕ್ಷನ್ ಹೀಪ್‌ಪುಶ್” ಎಂದಿತು. ಆಗ ಆ ಕಡತವನ್ನು ಕೆಳಗಿನವರೆಗೂ ಸ್ಕ್ರಾಲ್ ಮಾಡಿದೆ. ನೂರಾರು ಸಾಲುಗಳ ಕೆಳಗೆ, ಕಡತ ಮುಗಿಯುವ ಹತ್ತಿರ, ಸಿ ಭಾಷೆಯಲ್ಲಿ ಬರೆದ ಆವೃತ್ತಿ ಇದ್ದರೆ ಅದನ್ನೇ ಬಳಸು ಎಂಬ ಕಾಮೆಂಟು, ಅದರ ಕೆಳಗೆ ಅಂಡರ್‌ಸ್ಕೋರ್‌ನಿಂದ ಶುರುವಾಗುವ ಇನ್ನೊಂದು ಹೀಪ್‌ಕ್ಯೂನಿಂದ ಎಲ್ಲವನ್ನೂ ಇಂಪೋರ್ಟ್ ಮಾಡುವ ಸಾಲು. ಮೇಲೆ ನಾನು ತಿದ್ದುತ್ತಿದ್ದ ಹೀಪ್‌ಪುಶ್ ಹುಟ್ಟಿದ ಕೂಡಲೇ, ಅದೇ ಹೆಸರಿನ ಸಿ ಫಂಕ್ಷನ್ ಬಂದು ಅದರ ಜಾಗದಲ್ಲಿ ಕೂತಿತ್ತು.

ಇದರಲ್ಲಿ ಪೈಥಾನಿನ ತಪ್ಪೇನಿಲ್ಲ. 2011ರ ಪೆಪ್ 399 ಎಂಬ ಪೈಥಾನಿನ ಪ್ರಸ್ತಾವ ಇಂಥ ಏರ್ಪಾಡನ್ನು ಕೇಳಿಯೇ ಕೇಳುತ್ತದೆ: ವೇಗಕ್ಕಾಗಿ ಸಿಯಲ್ಲಿ ಬರೆದರೂ ಅದಕ್ಕೆ ಸಮನಾದ ಶುದ್ಧ ಪೈಥಾನ್ ಆವೃತ್ತಿ ಇರಬೇಕು, ಬೇರೆ ಇಂಟರ್‌ಪ್ರಿಟರುಗಳಿಗೂ ಅದು ದಕ್ಕಬೇಕು. ಓದುವವರಿಗೂ ಅದರಿಂದ ಉಪಕಾರವಾಗಿದೆ, ಹೀಪ್ ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಯಲು ಆ ಕಡತಕ್ಕಿಂತ ಒಳ್ಳೆಯದು ಕಡಿಮೆ. ಎಡಿಟರನ್ನೂ ದೂರುವುದು ಕಷ್ಟ, ಆ ಹೆಸರಿನ ಡೆಫಿನಿಷನ್ ಅಲ್ಲಿ ಇದ್ದದ್ದು ನಿಜ. ಆದರೆ “ಇದು ಓದುವುದಕ್ಕೆ, ಓಡುವುದು ಬೇರೆ” ಎಂದು ಪರದೆಯ ಮೂಲೆಯಲ್ಲಿ ಎಲ್ಲಿಯೂ ಬರಲಿಲ್ಲ. ನನ್ನ ಬಗ್ ಕೊನೆಗೆ ಸಿಕ್ಕಿದ್ದು ನನ್ನದೇ ಕೋಡಿನಲ್ಲಿ: ಹೀಪಿಗೆ ಸೇರಿಸಿದ ಮೇಲೆ ವಸ್ತುವಿನ ಆದ್ಯತೆಯನ್ನು ಇನ್ನೊಂದು ಕಡೆ ಬದಲಾಯಿಸುತ್ತಿದ್ದೆ.

ಲೆನ್‌ನಂಥ ಫಂಕ್ಷನ್ನುಗಳ ವಿಷಯ ಇನ್ನೂ ವಿಚಿತ್ರ. ಅದಕ್ಕೆ ಪೈಥಾನಿನಲ್ಲಿ ಸೋರ್ಸೇ ಇಲ್ಲ, ಇಂಟರ್‌ಪ್ರಿಟರಿನ ಸಿ ಕಡತವೊಂದರಲ್ಲಿದೆ. ಎಡಿಟರ್ ನಮ್ಮನ್ನು ಟೈಪ್‌ಶೆಡ್ ಎಂಬ ಸಂಗ್ರಹದ ಸ್ಟಬ್ ಕಡತಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಫಂಕ್ಷನ್ನಿನ ಹೆಸರು, ತೆಗೆದುಕೊಳ್ಳುವುದರ ಟೈಪು, ಹಿಂದಿರುಗಿಸುವುದರ ಟೈಪು, ಆಮೇಲೆ ಮೂರು ಚುಕ್ಕಿ. ಟೈಪು ಪರೀಕ್ಷಿಸುವ ಟೂಲುಗಳಿಗಾಗಿ ಬರೆದಿಟ್ಟ ಕಡತ ಅದು. ಗೋದಲ್ಲೂ ಲೆನ್ ಮೇಲೆ ಜಿಗಿದರೆ ಬಿಲ್ಟಿನ್ ಎಂಬ ಪ್ಯಾಕೇಜಿನ ಒಂದು ಕಡತ ಸಿಗುತ್ತದೆ, ಅದನ್ನು ಇಟ್ಟಿರುವುದು ಡಾಕ್ಯುಮೆಂಟೇಷನ್ನಿಗಾಗಿ ಮಾತ್ರ. ಆದರೆ ಗೋದವರು ಆ ಕಡತದ ತಲೆಯಲ್ಲೇ, ಇವು ನಿಜವಾಗಿ ಈ ಪ್ಯಾಕೇಜಿನಲ್ಲಿಲ್ಲ, ವಿವರಣೆಗೆಂದು ಇಟ್ಟಿದ್ದೇವೆ ಎಂದು ಬರೆದಿದ್ದಾರೆ. ಅಷ್ಟು ಹೇಳಿದರೆ ನನಗೆ ಸಾಕು.

ರಸ್ಟ್‌ನಲ್ಲಿ ಸೋರ್ಸ್ ಹಾಕಿಕೊಂಡ ದಿನವೇ, ಎಲ್ಲಿಯವರೆಗೆ ಹೋಗುತ್ತದೆ ನೋಡೋಣವೆಂದು, ಎರಡು ಐ32 (32 ಬಿಟ್ಟಿನ ಪೂರ್ಣಾಂಕ) ಸಂಖ್ಯೆಗಳ ನಡುವಿನ ಕೂಡುವ ಚಿಹ್ನೆಯ ಜಾಡು ಹಿಡಿದೆ. ಕೋರ್ ಲೈಬ್ರರಿಯಲ್ಲಿ ಅಂಕಗಣಿತದ ಕಡತ, ಅದರಲ್ಲಿ ಎಲ್ಲ ಸಂಖ್ಯಾ ಟೈಪುಗಳಿಗೂ ಕೂಡುವ ಸಾಮರ್ಥ್ಯ ಕೊಡುವ ಆಡ್ ಟ್ರೇಟನ್ನು ಒಟ್ಟಿಗೆ ಬರೆದುಕೊಡುವ ಒಂದು ಮ್ಯಾಕ್ರೋ. ಅದರ ಆಡ್ ಮೆಥಡ್ಡಿನ ಒಳಗಿರುವುದು ಇಷ್ಟೇ: ಸೆಲ್ಫ್ ಪ್ಲಸ್ ಅದರ್. ಕೂಡುವುದು ಎಂದರೇನು ಎಂದು ಕೇಳಿದರೆ, ಕೂಡುವುದು ಎಂದು ಉತ್ತರ. ಮೊದಲ ನೋಟಕ್ಕೆ ತನ್ನನ್ನೇ ಕರೆದುಕೊಳ್ಳುತ್ತ ಎಂದೂ ಮುಗಿಯದ ಫಂಕ್ಷನ್ ಅದು. ಮುಗಿಯುವುದು ಏಕೆಂದರೆ, ಎರಡು ಮೂಲ ಸಂಖ್ಯಾ ಟೈಪುಗಳ ನಡುವೆ ಪ್ಲಸ್ ಕಂಡಾಗ ಕಂಪೈಲರ್ ಈ ಟ್ರೇಟಿನ ತಂಟೆಗೆ ಬರದೆ ನೇರವಾಗಿ ಯಂತ್ರದ ಕೂಡುವ ಸೂಚನೆಯನ್ನು ಹಾಕುತ್ತದೆ. ಅಲ್ಲಿ ಮತ್ತೆ ಜಿಗಿಯಲು ಕಡತವಿಲ್ಲ. ಪ್ರೋಟೋಕಾಲಿನ ಉತ್ತರದಲ್ಲಿ ಕಡತ ಮತ್ತು ಸಾಲಿಗೆ ಜಾಗವಿದೆ, “ಇದು ಕಂಪೈಲರಿಗೆ ಹುಟ್ಟಿನಿಂದಲೇ ಗೊತ್ತು” ಎಂದು ಹೇಳಲು ಜಾಗವಿಲ್ಲ.

ಒಡಲಿಲ್ಲದ ಸ್ಲೀಪ್

ಹೋದ ವಾರ ನಮ್ಮ ತಂಡಕ್ಕೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಗೋದ ಟೈಮ್ ಪ್ಯಾಕೇಜಿನ ಸ್ಲೀಪ್ ಮೇಲೆ ಜಿಗಿದು ನನ್ನನ್ನು ಕರೆದಳು. “ಸರ್, ಇದು ನೋಡಿ, ಫಂಕ್ಷನ್ ಹೆಸರಿದೆ, ಕಾಮೆಂಟ್ ಇದೆ, ಕರ್ಲಿ ಬ್ರೇಸೇ ಇಲ್ಲ. ನನ್ನ ಇನ್‌ಸ್ಟಲೇಷನ್ ಕೆಟ್ಟಿದೆಯಾ?” ಅವಳ ಪರದೆಯಲ್ಲಿದ್ದದ್ದು ಸರಿಯಾದ ಕಡತವೇ. ಸ್ಲೀಪ್‌ಗೆ ಅಲ್ಲಿ ತಲೆ ಮಾತ್ರ ಇದೆ, ಒಡಲು ರನ್‌ಟೈಮ್ ಪ್ಯಾಕೇಜಿನಲ್ಲಿದೆ. ಗೊರೂಟೀನನ್ನು (ಗೋದ ಹಗುರ ಥ್ರೆಡ್) ಮಲಗಿಸುವ ಕೆಲಸ ಶೆಡ್ಯೂಲರಿನದ್ದಾದ್ದರಿಂದ ಅದು ಅಲ್ಲೇ ಇರಬೇಕಾಗುತ್ತದೆ. ಎರಡನ್ನೂ ಜೋಡಿಸುವುದು ಲಿಂಕ್‌ನೇಮ್ ಎಂಬ, ಕಾಮೆಂಟಿನಂತೆ ಕಾಣುವ ಒಂದು ಸಾಲು.

ಇದನ್ನು ಬಾಯಲ್ಲಿ ಹೇಳಿ ಮುಗಿಸಬಹುದಿತ್ತು. ಹೇಳಲಿಲ್ಲ. ಎಫ್12 ನಿಂತ ಕಡೆ ಕಡತಗಳಲ್ಲಿ ಪದ ಹುಡುಕುವ ಗ್ರೆಪ್ ಶುರುವಾಗಲಿ ಎಂದು ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡೆ. ಗೋದ ಸೋರ್ಸ್ ಫೋಲ್ಡರ್ ಎಲ್ಲಿದೆ ಎಂದು ಗೋಗೇ ಕೇಳಿ, ಅದರೊಳಗೆ “ಟೈಮ್ ಡಾಟ್ ಸ್ಲೀಪ್” ಎಂದು ಹುಡುಕಿಸಿದೆವು. ಟೆಸ್ಟ್ ಕಡತಗಳ ಉದ್ದನೆಯ ಪಟ್ಟಿ ಸರಸರನೆ ಮೇಲಕ್ಕೆ ಹೋಯಿತು. “ರನ್‌ಟೈಮ್ ಫೋಲ್ಡರ್ ಒಳಗೆ ಮಾತ್ರ ಹುಡುಕ್ಲಾ ಸರ್?” ಎಂದು ಅವಳೇ ಕೇಳಿದಳು. ಈ ಸಲ ಪಟ್ಟಿ ಚಿಕ್ಕದಾಗಿತ್ತು. ಅದರಲ್ಲಿ ಎರಡು ಓರೆಗೆರೆಗಳಿಂದ ಶುರುವಾಗುವ ಲಿಂಕ್‌ನೇಮ್ ಸಾಲನ್ನು ಅವಳು ನನಗಿಂತ ಮೊದಲೇ ಗುರುತಿಸಿದಳು. ಆ ಕಡತ ತೆರೆದರೆ ಸಾಲಿನ ಕೆಳಗೆ ಟೈಮ್‌ಸ್ಲೀಪ್ ಎಂಬ ಫಂಕ್ಷನ್, ಈ ಸಲ ಒಡಲಿನೊಂದಿಗೆ. ಮೊದಲ ಸಾಲು, ನ್ಯಾನೊಸೆಕೆಂಡುಗಳು ಸೊನ್ನೆ ಅಥವಾ ಅದಕ್ಕಿಂತ ಕಡಿಮೆಯಾಗಿದ್ದರೆ ಸುಮ್ಮನೆ ಹಿಂದಿರುಗು ಎಂದಿತ್ತು. ಅವಳು ಅದರ ಕೆಳಗಿನ “ಗೆಟ್‌ಜಿ” ಮೇಲೆ ಕರ್ಸರ್ ಇಟ್ಟು ಎಫ್12 ಒತ್ತಿದಳು, ಅದಕ್ಕೂ ಒಡಲಿರಲಿಲ್ಲ. ಈ ಸಲ ನನ್ನನ್ನು ಕೇಳಲಿಲ್ಲ, ಟರ್ಮಿನಲ್ಲಿಗೆ ಹೋದಳು.